ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಯದುವಂಶದ 22ನೆಯ ಅರಸರು. 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಇವರು 1868ರವರೆಗೆ ಸಿಂಹಾಸನದಲ್ಲಿದ್ದರು. ಆದರೆ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಸಂಸ್ಥಾನದ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡುದರಿಂದ, ಜೀವನದ ಕೊನೆಯ ಮೂವತ್ತಾರು ವರ್ಷಗಳ ಕಾಲ ಇವರು ಅಧಿಕಾರವಿಲ್ಲದ ಅರಸರಾಗಿ ಉಳಿದರು. ಈ ಅವಧಿಯಲ್ಲಿ ಮೈಸೂರು ಅರಮನೆಯು ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಆಶ್ರಯಸ್ಥಾನವಾಗಿ ಬೆಳೆಯಿತು.

ಭಾರತೀಯ ಆಟಗಳ ಚರಿತ್ರೆಯಲ್ಲಿ ಇವರಿಗೆ ವಿಶಿಷ್ಟ ಸ್ಥಾನವಿದೆ. ಕೈಯಲ್ಲಿ ಹಿಡಿದು ಆಡುವ ಗಂಜೀಫಾ ಎಲೆಗಳಲ್ಲಿಯೂ, ಹಾಸು ಹಾಸಿ ಆಡುವ ಆಟಗಳಲ್ಲಿಯೂ, ಚದುರಂಗದ ಕುದುರೆ ನಡೆಯ ಸಮಸ್ಯೆಗಳಲ್ಲಿಯೂ ಇವರು ಹೊಸ ರೂಪಗಳನ್ನು ರಚಿಸಿದರು. ಇವುಗಳ ವಿವರಗಳು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿಯೂ, ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಇವರು ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿಯೂ ಉಳಿದುಬಂದಿವೆ.

## ಜನನ ಮತ್ತು ಬಾಲ್ಯ

ಕೃಷ್ಣರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಆ ವೇಳೆಗೆ ರಾಜ್ಯದ ಅಧಿಕಾರವು ಟಿಪ್ಪು ಸುಲ್ತಾನನ ಕೈಯಲ್ಲಿದ್ದು, ಒಡೆಯರ ಮನೆತನಕ್ಕೆ ಹೆಸರಿನ ಹೊರತು ಬೇರೇನೂ ಉಳಿದಿರಲಿಲ್ಲ. 1796ರಲ್ಲಿ ತಂದೆ ತೀರಿಕೊಂಡಾಗ ಮಗುವಿಗೆ ಎರಡು ವರ್ಷ. ಅನಂತರ ರಾಜಕುಟುಂಬವನ್ನು ಅರಮನೆಯಿಂದ ಹೊರಗಿನ ಒಂದು ಸಾಮಾನ್ಯ ಮನೆಗೆ ಸಾಗಿಸಲಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದನು. ವಿಜಯಿಗಳಾದ ಕಂಪನಿಯವರು ರಾಜ್ಯದ ಕೆಲವು ಭಾಗಗಳನ್ನು ತಾವೂ ಹೈದರಾಬಾದಿನ ನಿಜಾಮನೂ ಹಂಚಿಕೊಂಡು, ಉಳಿದುದನ್ನು ಒಡೆಯರ ಮನೆತನಕ್ಕೆ ಮರಳಿಸಲು ನಿರ್ಧರಿಸಿದರು. ಹಿಂದಿನ ಹಲವು ವರ್ಷಗಳಿಂದ ಗುಟ್ಟಾಗಿ ಕಂಪನಿಯೊಡನೆ ವ್ಯವಹರಿಸುತ್ತ ಬಂದಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪ್ರಯತ್ನ ಈ ನಿರ್ಧಾರದ ಹಿಂದೆ ಇತ್ತು. 1799ರ ಜೂನ್ 30ರಂದು ಮೈಸೂರಿನ ಲಕ್ಷ್ಮೀರಮಣಸ್ವಾಮಿ ದೇವಾಲಯದ ಬಳಿ ಹಾಕಿದ್ದ ಚಪ್ಪರದಲ್ಲಿ ಐದು ವರ್ಷ ತುಂಬುವ ಮೊದಲೇ ಬಾಲಕನಿಗೆ ಪಟ್ಟಾಭಿಷೇಕವಾಯಿತು. ರಾಜಧಾನಿಯು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿತು.

## ದಿವಾನ್ ಪೂರ್ಣಯ್ಯನವರ ಕಾಲ

ಅರಸರು ಚಿಕ್ಕವರಾಗಿದ್ದಾಗ ಲಕ್ಷ್ಮಮ್ಮಣ್ಣಿಯವರು ಅವರ ಪಾಲಕರಾಗಿದ್ದರು. ರಾಜ್ಯಭಾರವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು. ಕಂಪನಿಯೊಡನೆ ಆದ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ವರಹಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸಬೇಕಾಗಿತ್ತು. ಈ ಭಾರದ ನಡುವೆಯೂ ಪೂರ್ಣಯ್ಯನವರು ಬೊಕ್ಕಸದಲ್ಲಿ ದೊಡ್ಡ ಮೊತ್ತವನ್ನು ಕೂಡಿಟ್ಟರು. ಮೈಸೂರಿನಲ್ಲಿ ಅರಮನೆಯನ್ನು ಹೊಸದಾಗಿ ಕಟ್ಟಲಾಯಿತು. ದಸರಾ ಉತ್ಸವವು ಮೈಸೂರಿನಲ್ಲಿ ನೆಲೆಗೊಂಡಿತು. 1805ರಿಂದ ಯೂರೋಪಿಯನ್ನರಿಗಾಗಿ ಪ್ರತ್ಯೇಕ ದರ್ಬಾರು ನಡೆಸುವ ಪದ್ಧತಿ ಆರಂಭವಾಯಿತು.

1810ರಲ್ಲಿ ಲಕ್ಷ್ಮಮ್ಮಣ್ಣಿಯವರು ನಿಧನರಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾಗಿ ಮರುವರ್ಷ ತೀರಿಕೊಂಡರು. ಹದಿನೇಳರ ಹರೆಯದ ಅರಸರು ಆಡಳಿತವನ್ನು ಸ್ವತಃ ವಹಿಸಿಕೊಂಡರು.

## ಆಡಳಿತ ಮತ್ತು ನಗರದ ದಂಗೆ

1811ರಿಂದ 1831ರವರೆಗಿನ ಎರಡು ದಶಕಗಳು ಅರಸರ ನೇರ ಆಳ್ವಿಕೆಯ ಕಾಲ. ಈ ಅವಧಿಯಲ್ಲಿ ಚಾಮುಂಡಿ ಬೆಟ್ಟದ ದೇವಾಲಯದ ಗೋಪುರದ ಕೆಲಸ ನಡೆಯಿತು. ಅರಮನೆಯ ಕೋಟೆಯೊಳಗೆ ಪ್ರಸನ್ನ ಕೃಷ್ಣಸ್ವಾಮಿ ದೇವಾಲಯವು 1829ರ ವೇಳೆಗೆ ಪೂರ್ಣಗೊಂಡಿತು. ಕೆಂಪುನಾರಾಯಣ ಕವಿಯು ಮುದ್ರಾಮಂಜೂಷವನ್ನು ರಚಿಸಿದುದು 1823ರಲ್ಲಿ. ವಿದ್ವಾಂಸರಿಗೂ ದೇವಾಲಯಗಳಿಗೂ ದಾನದತ್ತಿಗಳು ಧಾರಾಳವಾಗಿ ಸಂದವು.

ಇದೇ ವೇಳೆಗೆ ಬೊಕ್ಕಸ ಬರಿದಾಗಿ ಸಾಲ ಬೆಳೆಯಿತು. ಕಂದಾಯ ವಸೂಲಿಗೆ ಅನುಸರಿಸಿದ ಶರತ್ತಿನ ಪದ್ಧತಿಯಲ್ಲಿ ಅಧಿಕಾರಿಗಳು ನಿಗದಿಯಾದ ಮೊತ್ತವನ್ನು ಸಲ್ಲಿಸುವ ಮಾತು ಕೊಡಬೇಕಾಗಿತ್ತು. ಆ ಮೊತ್ತವನ್ನು ತುಂಬಿಸುವ ಒತ್ತಡ ಕೊನೆಗೆ ರೈತರ ಮೇಲೆ ಬಿದ್ದಿತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಪ್ರತಿಭಟಿಸಿದರು. ನಗರದ ಹಳೆಯ ಅರಸುಮನೆತನದ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಮತ್ತು ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಸೇರಿದ ಮೇಲೆ ಅದು ದಂಗೆಯಾಯಿತು. ಅದನ್ನು ಅಡಗಿಸಲು ಕಂಪನಿಯ ಸೇನೆಯ ನೆರವು ಬೇಕಾಯಿತು.

ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಒಪ್ಪಂದದ ಷರತ್ತನ್ನು ಮುಂದೊಡ್ಡಿ ಆಡಳಿತವನ್ನು ಕಂಪನಿಯ ಕಮಿಷನರುಗಳಿಗೆ ವಹಿಸಿದನು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿಯು 1833ರಲ್ಲಿ ವರದಿ ಸಲ್ಲಿಸಿತು. ಅರಸರ ಮೇಲಿನ ದೂರುಗಳಲ್ಲಿ ಉತ್ಪ್ರೇಕ್ಷೆಯಿತ್ತೆಂಬುದು ಅದರಿಂದ ತಿಳಿದುಬಂದರೂ ಆಡಳಿತ ಮರಳಿ ಬರಲಿಲ್ಲ. ಕಮಿಷನರರ ಕಚೇರಿಗಳು ಬೆಂಗಳೂರಿಗೆ ಸ್ಥಳಾಂತರಗೊಂಡವು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಅನಂತರ ಲೂಯಿನ್ ಬೌರಿಂಗ್ ಕಮಿಷನರರಾಗಿದ್ದರು. ಅರಸರಿಗೆ ವರ್ಷಕ್ಕೆ 1 ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಭಾಗ ಸಲ್ಲುವ ಏರ್ಪಾಡಾಯಿತು. ಸಿಂಹಾಸನ, ದಸರಾ ದರ್ಬಾರು, ಬಿರುದುಗಳು ಉಳಿದವು. ಆಜ್ಞೆ ಮಾಡುವ ಅಧಿಕಾರ ಉಳಿಯಲಿಲ್ಲ.

## ಸಾಹಿತ್ಯ ಮತ್ತು ವಿದ್ಯಾಪೋಷಣೆ

ಅಧಿಕಾರ ಕಳೆದುಕೊಂಡ ಬಳಿಕ ಅರಮನೆಯ ಚಟುವಟಿಕೆಗಳು ಬಹುಮಟ್ಟಿಗೆ ವಿದ್ಯೆ ಮತ್ತು ಕಲೆಗಳ ಕಡೆಗೆ ತಿರುಗಿದವು. 1833ರಲ್ಲಿ ಅರಸರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ರಾಜಾ ಶಾಲೆಯೆಂದು ಹೆಸರಾದ ಇದು ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣವೂ ನಡೆಯಿತು. ಅಳಿಯ ಲಿಂಗರಾಜ ಅರಸು ಮೊದಲಾದ ಕವಿಗಳು ಇವರ ಆಸ್ಥಾನದಲ್ಲಿದ್ದರು. ಮುಂದೆ ಶಾಕುಂತಲದ ಕನ್ನಡ ಅನುವಾದದಿಂದ ಪ್ರಸಿದ್ಧರಾದ ಬಸವಪ್ಪ ಶಾಸ್ತ್ರಿಗಳು ಬಾಲ್ಯದಲ್ಲಿ ಇವರ ಆಶ್ರಯ ಪಡೆದರು.

ಅರಸರ ಹೆಸರಿನಲ್ಲಿ ಕನ್ನಡ ಮತ್ತು ಸಂಸ್ಕೃತ ಭಾಷೆಗಳ ಅನೇಕ ಕೃತಿಗಳು ದೊರೆಯುತ್ತವೆ. ಮಹಾಭಾರತದ ಕನ್ನಡ ಗದ್ಯರೂಪವಾದ ಕೃಷ್ಣರಾಜ ವಾಣೀವಿಲಾಸ, ಸೌಗಂಧಿಕಾ ಪರಿಣಯ, ಸಂಖ್ಯಾರತ್ನಕೋಶ ಇವುಗಳಲ್ಲಿ ಕೆಲವು. ಇವುಗಳ ರಚನೆಯಲ್ಲಿ ಆಸ್ಥಾನದ ಪಂಡಿತರ ಪಾಲೂ ಇದ್ದಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

## ಶ್ರೀತತ್ತ್ವನಿಧಿ ಮತ್ತು ಕೌತುಕನಿಧಿ

ಇವರ ಹೆಸರನ್ನು ಮೈಸೂರಿನ ಹೊರಗೂ ಉಳಿಸಿದ ಗ್ರಂಥ ಶ್ರೀತತ್ತ್ವನಿಧಿ. ದೇವತೆಗಳ ಧ್ಯಾನಶ್ಲೋಕಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ಬಣ್ಣದ ಚಿತ್ರವನ್ನು ಬರೆಸಿದ ಬೃಹತ್ ಸಂಕಲನವಿದು. ಇದರಲ್ಲಿ ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ ಎಂಬ ಒಂಬತ್ತು ನಿಧಿಗಳಿವೆ. ಇದರ ಹಸ್ತಪ್ರತಿಗಳು ಅರಮನೆಯ ಗ್ರಂಥಭಂಡಾರದಲ್ಲಿಯೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಇವೆ. ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯವು ಗ್ರಂಥವನ್ನು ಅಚ್ಚು ಹಾಕಿತು.

ಒಂಬತ್ತನೆಯದಾದ ಕೌತುಕನಿಧಿಯು ಉಳಿದವುಗಳಿಗಿಂತ ಭಿನ್ನವಾದುದು. ಇದರಲ್ಲಿ 122 ಯೋಗಾಸನಗಳ ಚಿತ್ರಸಹಿತ ವಿವರಣೆಯಿದೆ. ಅದರ ಜೊತೆಯಲ್ಲಿ ಆಟಗಳ ವಿವರಣೆಗಳೂ ಇವೆ. ದೇವತಾಮೂರ್ತಿಗಳ ಲಕ್ಷಣಗಳನ್ನು ಹೇಳುವ ಗ್ರಂಥದಲ್ಲಿಯೇ ಆಟದ ಎಲೆಗಳ ಲಕ್ಷಣಗಳೂ ಸೇರಿರುವುದರಿಂದ, ಆಟವನ್ನು ಇಲ್ಲಿ ವ್ಯವಸ್ಥಿತವಾಗಿ ದಾಖಲಿಸತಕ್ಕ ವಿದ್ಯೆಯೆಂದು ಪರಿಗಣಿಸಿರುವುದು ಸ್ಪಷ್ಟವಾಗುತ್ತದೆ.

## ಗಂಜೀಫಾ ಮತ್ತು ಮೈಸೂರು ಛದ

### ಹಿನ್ನೆಲೆ

ಗಂಜೀಫಾ ಎಂಬುದು ದುಂಡನೆಯ ಎಲೆಗಳಿಂದ ಆಡುವ ಆಟ. ಪರ್ಷಿಯದ ಕಡೆಯಿಂದ ಬಂದ ಇದನ್ನು ಮೊಗಲರು ಭಾರತದಲ್ಲಿ ಬಳಕೆಗೆ ತಂದರು. ಬಾಬರನ ಆತ್ಮಕಥನದಲ್ಲಿಯೂ ಅಬುಲ್ ಫಜಲನ ಐನೆ ಅಕ್ಬರಿಯಲ್ಲಿಯೂ ಇದರ ಉಲ್ಲೇಖವಿದೆ. ಮೊಗಲ್ ಗಂಜೀಫಾದ ಕಟ್ಟಿನಲ್ಲಿ 8 ರಂಗುಗಳು, ಒಂದೊಂದು ರಂಗಿಗೆ 12ರಂತೆ ಒಟ್ಟು 96 ಎಲೆಗಳು. ಪ್ರತಿ ರಂಗಿನಲ್ಲಿಯೂ ಒಂದರಿಂದ ಹತ್ತರವರೆಗಿನ ಎಲೆಗಳು, ಅವುಗಳ ಮೇಲೆ ಮಂತ್ರಿ ಮತ್ತು ರಾಜ. ಹಿಂದೂ ಪರಂಪರೆಯಲ್ಲಿ ಇದೇ ಆಟವು ದಶಾವತಾರ ಗಂಜೀಫಾ ಆಯಿತು. ಅಲ್ಲಿ ವಿಷ್ಣುವಿನ ಹತ್ತು ಅವತಾರಗಳೇ 10 ರಂಗುಗಳಾಗಿ ಎಲೆಗಳ ಸಂಖ್ಯೆ 120ಕ್ಕೆ ಏರಿತು. ಮೀನು, ಆಮೆ, ಕೊಡಲಿ ಮೊದಲಾದ ಗುರುತುಗಳಿಂದ ರಂಗನ್ನು ಗುರುತಿಸುತ್ತಿದ್ದರು.

ಈ ಆಟವನ್ನು ಸಾಮಾನ್ಯವಾಗಿ ಮೂವರು ಆಡುತ್ತಾರೆ. ಎಲೆಗಳನ್ನೆಲ್ಲ ಹಂಚಿದ ಮೇಲೆ ದೊಡ್ಡ ಎಲೆ ಹಾಕಿದವರು ಆ ಸುತ್ತನ್ನು ಗೆಲ್ಲುತ್ತಾರೆ. ತುರುಪು ಇಲ್ಲ. ಅರ್ಧದಷ್ಟು ರಂಗುಗಳಲ್ಲಿ ಹತ್ತು ದೊಡ್ಡದಾದರೆ ಉಳಿದ ರಂಗುಗಳಲ್ಲಿ ಒಂದು ದೊಡ್ಡದು. ದಶಾವತಾರದ ಆಟವನ್ನು ಹಗಲಿನಲ್ಲಿ ರಾಮನ ಎಲೆಯಿಂದಲೂ ರಾತ್ರಿಯಲ್ಲಿ ಕೃಷ್ಣನ ಎಲೆಯಿಂದಲೂ ಆರಂಭಿಸುವುದು ವಾಡಿಕೆ. ಬಿದ್ದುಹೋದ ಎಲೆಗಳು ಯಾವುವೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದೇ ಆಟದ ಮುಖ್ಯ ಕೌಶಲ.

### ಛದ ಆಟಗಳು

ಕೃಷ್ಣರಾಜ ಒಡೆಯರು ರಚಿಸಿದ ಹೊಸ ಗಂಜೀಫಾ ಆಟಗಳಿಗೆ ಛದ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಈ ಪದಕ್ಕೆ ಎಲೆ ಎಂಬ ಅರ್ಥವುಂಟು. ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ, ಜಗನ್ಮೋಹನ ಮೊದಲಾದ ಹೆಸರುಗಳನ್ನು ಹೊತ್ತ ಈ ಆಟಗಳಲ್ಲಿ ಪುರಾಣ, ಜ್ಯೋತಿಷ್ಯ ಮತ್ತು ದೇವತಾಶಾಸ್ತ್ರಗಳ ವಸ್ತುಗಳೇ ರಂಗುಗಳಾಗಿವೆ. ಹೀಗಾಗಿ ಆಟವಾಡುವವರಿಗೆ ದೇವತೆಗಳ ವಾಹನ, ಆಯುಧ, ಪರಿವಾರಗಳ ಪರಿಚಯ ಅಗತ್ಯವಾಗುತ್ತದೆ. ಶ್ರೀತತ್ತ್ವನಿಧಿಯ ಮೊದಲ ನಿಧಿಗಳಲ್ಲಿ ಸಂಗ್ರಹಿಸಿದ ಜ್ಞಾನವು ಕೊನೆಯ ನಿಧಿಯಲ್ಲಿ ಆಟದ ರೂಪ ತಾಳುತ್ತದೆ.

ರಚನೆಯಲ್ಲಿಯೂ ಛದಗಳು ಹಳೆಯ ಗಂಜೀಫಾಕ್ಕಿಂತ ಬಹಳ ಮುಂದೆ ಸಾಗಿದವು. ಛದದ ಒಂದು ರಂಗಿನಲ್ಲಿ ಸಾಮಾನ್ಯವಾಗಿ 12 ಸಂಖ್ಯೆಯ ಎಲೆಗಳು ಮತ್ತು 6 ಚಿತ್ರದ ಎಲೆಗಳು ಇರುತ್ತವೆ. ಕೆಲವು ಆಟಗಳಲ್ಲಿ ರಂಗುಗಳ ಸಂಖ್ಯೆ 18ಕ್ಕೂ ಒಟ್ಟು ಎಲೆಗಳ ಸಂಖ್ಯೆ 360ಕ್ಕೂ ಏರುತ್ತದೆ. ಹಳೆಯ ಗಂಜೀಫಾದಲ್ಲಿ ಇಲ್ಲದ ತುರುಪು ಇಲ್ಲಿ ಸ್ಥಿರವಾದ ರೂಪದಲ್ಲಿ ಬಂದಿತು. ಬೇರೆ ಎಲೆಗಳ ಬದಲಿಗೆ ಸಲ್ಲುವ ವಿಶೇಷ ಎಲೆಗಳೂ ಸೇರಿದವು.

## ಹಾಸಿನ ಆಟಗಳು ಮತ್ತು ಕುದುರೆ ನಡೆ

ಎಲೆಗಳ ಜೊತೆಗೆ ಹಾಸಿನ ಆಟಗಳಲ್ಲಿಯೂ ಅರಸರಿಗೆ ಆಸಕ್ತಿಯಿತ್ತು. ಪಗಡೆ, ಚದುರಂಗ ಮೊದಲಾದ ಬಳಕೆಯ ಆಟಗಳನ್ನು ಆಧಾರವಾಗಿಟ್ಟುಕೊಂಡು, ದೇವತೆ, ಗ್ರಹ, ರಾಶಿಗಳ ಹೆಸರುಗಳನ್ನು ಮನೆಗಳಲ್ಲಿ ಬರೆಸಿದ ಹೊಸ ಹಾಸುಗಳನ್ನು ರೂಪಿಸಿದರು. ಇವುಗಳನ್ನು ಬಟ್ಟೆ ಮತ್ತು ರೇಷ್ಮೆಯ ಮೇಲೆ ಮುದ್ರಿಸಲಾಗುತ್ತಿತ್ತು, ಹಿತ್ತಾಳೆಯ ತಗಡುಗಳ ಮೇಲೆ ಕೆತ್ತಲಾಗುತ್ತಿತ್ತು.

ಚದುರಂಗದ ಕುದುರೆ ನಡೆಯ ಸಮಸ್ಯೆಯು ಇವರ ಗಣಿತಾಸಕ್ತಿಯ ಮುಖ್ಯ ನಿದರ್ಶನ. ಮಣೆಯ 64 ಮನೆಗಳಲ್ಲಿ ಯಾವುದನ್ನೂ ಬಿಡದೆ, ಯಾವುದಕ್ಕೂ ಎರಡು ಸಲ ಕಾಲಿಡದೆ ಕುದುರೆಯನ್ನು ನಡೆಸಬೇಕೆಂಬುದು ಸಮಸ್ಯೆ. ಕುದುರೆ ಇಟ್ಟ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟರೆ ಮಣೆಯೇ ಒಂದು ಸಂಖ್ಯಾಚೌಕವಾಗುತ್ತದೆ. ಅಡ್ಡ ಮತ್ತು ಉದ್ದ ಸಾಲುಗಳ ಮೊತ್ತ ಎಲ್ಲೆಡೆಯೂ ಒಂದೇ ಬರಬೇಕೆಂದು ನಿಯಮ ಹಾಕಿಕೊಂಡರೆ ಪ್ರತಿ ಸಾಲಿನ ಮೊತ್ತ 260 ಆಗಬೇಕು. ಇದು ಸಮಸ್ಯೆಯ ಅತಿ ಕಠಿಣ ರೂಪಗಳಲ್ಲೊಂದು. ಯೂರೋಪಿನಲ್ಲಿ ಆಯ್ಲರ್ 1759ರಲ್ಲಿ ಕುದುರೆ ನಡೆಯನ್ನು ಗಣಿತದ ದೃಷ್ಟಿಯಿಂದ ಪರಿಶೀಲಿಸಿದನು.

ಭಾರತದಲ್ಲಿ ಈ ಸಮಸ್ಯೆಗೆ ಇನ್ನೂ ಹಳೆಯ ಚರಿತ್ರೆಯಿದೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಕುದುರೆಯ ಹೆಜ್ಜೆಗಳಂತೆ ಅಕ್ಷರಗಳನ್ನು ಜೋಡಿಸುವ ಚಿತ್ರಕಾವ್ಯದ ಬಂಧವಿದೆ. ಶ್ರೀವೈಷ್ಣವ ಆಚಾರ್ಯರಾದ ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಇಂಥ ರಚನೆಯಿದೆ. ದೇಶಿಕರ ಪರಂಪರೆಗೆ ಸೇರಿದ ಪರಕಾಲ ಮಠವು ಮೈಸೂರು ಅರಸರ ಗುರುಪೀಠವಾಗಿದ್ದು, ಇಂದು ಜಗನ್ಮೋಹನ ಅರಮನೆಯ ಪಕ್ಕದಲ್ಲಿಯೇ ಇದೆ. ಕಾವ್ಯದಲ್ಲಿ ಅಕ್ಷರಗಳಿಂದ ಸಾಧಿಸಿದುದನ್ನು ಅರಸರು ಅಂಕಿಗಳಿಂದ ಮಣೆಯ ಮೇಲೆ ಸಾಧಿಸಲು ತೊಡಗಿದರು.

## ಆಟಗಳ ಬಾಳಿಕೆ ಮತ್ತು ಬಳಕೆ: ಹೋಲಿಕೆ

ಅರಸರು ರಚಿಸಿದ ಆಟಗಳನ್ನು ಅವರ ಕಾಲದ ಸಾಮಾನ್ಯ ಆಟಗಳೊಡನೆ ಹೋಲಿಸಿದರೆ, ಆಟವೊಂದು ಜನರ ಕೈಯಲ್ಲಿ ಉಳಿಯಲು ಏನು ಬೇಕೆಂಬುದು ತಿಳಿದುಬರುತ್ತದೆ.

ಮೊದಲನೆಯದು ಕೈಗೆ ಒಗ್ಗುವ ಗಾತ್ರ. ಮೂವರು ಆಡುವಾಗ ಮೊಗಲ್ ಗಂಜೀಫಾದಲ್ಲಿ ಒಬ್ಬೊಬ್ಬರಿಗೆ 32 ಎಲೆಗಳು, ದಶಾವತಾರದಲ್ಲಿ 40 ಎಲೆಗಳು ಬರುತ್ತವೆ. ನಾಲ್ವರು ಆಡುವ ಇಸ್ಪೀಟಿನಲ್ಲಿ 13 ಮಾತ್ರ. 360 ಎಲೆಗಳ ಛದವನ್ನು ಮೂವರಿಗೆ ಹಂಚಿದರೆ ತಲಾ 120, ಆರು ಮಂದಿಗೆ ಹಂಚಿದರೂ ತಲಾ 60. ಇಷ್ಟು ದುಂಡು ಎಲೆಗಳನ್ನು ಒಂದು ಕೈಯಲ್ಲಿ ಬಿಡಿಸಿ ಹಿಡಿಯುವುದೂ, ಬಿದ್ದ ಎಲೆಗಳನ್ನು ನೆನಪಿಡುವುದೂ ಕಷ್ಟ.

ಎರಡನೆಯದು ಸಾಮಗ್ರಿಯ ಬಾಳಿಕೆ. ಗಂಜೀಫಾ ಎಲೆಗಳನ್ನು ದಂತ, ಆಮೆಚಿಪ್ಪು, ಮರ, ತಾಳೆಗರಿ, ಕಾಗದದ ಹಿಟ್ಟು ಮತ್ತು ಗಂಜಿ ಹಾಕಿದ ಬಟ್ಟೆಗಳಿಂದ ತಯಾರಿಸುತ್ತಿದ್ದರು. ಶ್ರೀಮಂತರಿಗಾಗಿ ಮಾಡಿದ ನಾಜೂಕಿನ ಕಟ್ಟಿಗೆ ದರ್ಬಾರ್ ಕಲಂ ಎಂದೂ, ಸಾಮಾನ್ಯ ಜನರ ಅಗ್ಗದ ಕಟ್ಟಿಗೆ ಬಜಾರ್ ಕಲಂ ಎಂದೂ ಹೆಸರು. ಅರಗು ಬಳಿದ ಎಲೆಗಳು ತೇವವನ್ನು ಕೆಲಮಟ್ಟಿಗೆ ತಡೆದರೂ ಅಂಚು ಸವೆಯುವುದು, ಬಣ್ಣ ಉದುರುವುದು ತಪ್ಪುತ್ತಿರಲಿಲ್ಲ. ಎಲೆಯಾಟದಲ್ಲಿ ಇದು ಸಣ್ಣ ದೋಷವಲ್ಲ. ಎಲ್ಲ ಎಲೆಗಳ ಬೆನ್ನೂ ಒಂದೇ ರೀತಿ ಇರಬೇಕು. ಒಂದು ಎಲೆಯ ಬೆನ್ನಿನಲ್ಲಿ ಗುರುತು ಬಿದ್ದರೆ ಅದು ಎದುರಾಳಿಗೆ ತಿಳಿಯುತ್ತದೆ. ಒಂದು ಎಲೆ ಕಳೆದರೆ ಇಡೀ ಕಟ್ಟು ನಿರುಪಯುಕ್ತ. ಎಲೆಗಳು ಹೆಚ್ಚಾದಷ್ಟೂ ಕಟ್ಟು ಕೆಡುವ ಸಂಭವ ಹೆಚ್ಚುತ್ತದೆ. 360 ಎಲೆಗಳ ಕಟ್ಟಿನಲ್ಲಿ ಹಾಳಾದ ಒಂದು ಎಲೆಯನ್ನು ಮತ್ತೆ ಬರೆಯಲು ಅದೇ ಚಿತ್ರಗಾರನ ಕೈಯೇ ಬೇಕಾಗುತ್ತಿತ್ತು.

ಹಾಸಿನ ಆಟಗಳಿಗೆ ಈ ತೊಂದರೆಗಳಿಲ್ಲ. ಪಗಡೆಯ ಬಟ್ಟೆ ಮಡಿಸಿ ಒಯ್ಯಲು ಹಗುರ. ಕಾಯಿ ಕಳೆದರೆ ಹುಣಿಸೆಬೀಜವೋ ಕಲ್ಲುಹರಳೋ ಸಾಕು. ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆಯೇ ಬರೆಯಬಹುದು. ಹಂಪೆ ಮೊದಲಾದ ಕಡೆಗಳ ದೇವಾಲಯಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಹದಿನಾಲ್ಕು ಗುಳಿಗಳ ಅಳಗುಳಿಮಣೆಯು ತಲೆಮಾರುಗಳ ಕಾಲ ಬಾಳುತ್ತದೆ.

ಮೂರನೆಯದು ಕಲಿಕೆ. ಹಳ್ಳಿಯ ಜಗುಲಿಯಲ್ಲಿ ಆಡುವ ಆಟಗಳ ನಿಯಮಗಳು ಬಾಯಿಂದ ಬಾಯಿಗೆ ಸಾಗಬಲ್ಲವು. ಛದಗಳ ನಿಯಮಗಳಿಗೆ ಗ್ರಂಥದ ಆಧಾರ ಬೇಕು. ಈ ಕಾರಣಗಳಿಂದ ಛದಗಳು ಅರಮನೆಯ ವಲಯದ ಆಚೆಗೆ ಹರಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಚಿನ ಯಂತ್ರದಿಂದ ಬಂದ 52 ಎಲೆಗಳ ಅಗ್ಗದ ಇಸ್ಪೀಟು ಸಾಮಾನ್ಯ ಗಂಜೀಫಾವನ್ನೂ ಹಿಂದಕ್ಕೆ ಸರಿಸಿತು.

ಆದರೆ ಬಳಕೆಯಲ್ಲಿ ಸೋತ ಛದಗಳು ದಾಖಲೆಯಲ್ಲಿ ಗೆದ್ದವು. ಜನಪ್ರಿಯವಾಗಿದ್ದ ಎಷ್ಟೋ ಆಟಗಳ ನಿಯಮಗಳು ಬರವಣಿಗೆಗೆ ಬಾರದೆ ಮರೆಯಾಗಿವೆ. ಕೆಲವರೇ ಆಡಿದ ಛದಗಳ ಎಲೆಗಳ ಸಂಖ್ಯೆ, ಬಣ್ಣ ಮತ್ತು ಚಿತ್ರಲಕ್ಷಣಗಳು ಗ್ರಂಥಸ್ಥವಾದ ಕಾರಣ ಇಂದಿಗೂ ಅಧ್ಯಯನಕ್ಕೆ ದೊರೆಯುತ್ತವೆ.

## ಜಗನ್ಮೋಹನ ಅರಮನೆ

ದೇವರಾಜ ಮೊಹಲ್ಲಾವು ಮೈಸೂರು ಕೋಟೆಯ ಹೊರಗಿನ ಹಳೆಯ ಬಡಾವಣೆಗಳಲ್ಲೊಂದು. ಅರಮನೆಯ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ, ಇಂದಿನ ದೇಶಿಕ ರಸ್ತೆಯಲ್ಲಿ, ಅರಸರು 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ಇದರ ಮೇಲಂತಸ್ತಿನ ರಂಗಮಹಲಿನ ಗೋಡೆಗಳ ಮೇಲೆ ಭಿತ್ತಿಚಿತ್ರಗಳಿವೆ. ದಸರಾ ಮೆರವಣಿಗೆ, ಕಮಲದ ಆಕಾರದಲ್ಲಿ ಬರೆದ ಒಡೆಯರ ವಂಶಾವಳಿಯಾದ ಸಂತಾನಾಂಬುಜ, ಅರಸರು ರೂಪಿಸಿದ ಆಟಗಳ ಹಾಸುಗಳು ಇಲ್ಲಿ ಕಾಣಸಿಗುತ್ತವೆ. ಗಂಡು ಸಂತಾನವಿಲ್ಲದೆ ವಂಶದ ಮುಂದುವರಿಕೆಗಾಗಿ ಹೋರಾಡುತ್ತಿದ್ದ ವರ್ಷಗಳಲ್ಲಿಯೇ ಅರಸರು ಈ ಕಟ್ಟಡವನ್ನು ಕಟ್ಟಿಸಿದರು.

1897ರಲ್ಲಿ ಕೋಟೆಯೊಳಗಿನ ಮರದ ಅರಮನೆಯು ಬೆಂಕಿಗೆ ಆಹುತಿಯಾದಾಗ ರಾಜಕುಟುಂಬವು ಜಗನ್ಮೋಹನ ಅರಮನೆಯಲ್ಲಿ ನೆಲೆಸಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರಸ್ವೀಕಾರ ಸಮಾರಂಭವು ವೈಸರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಇಲ್ಲಿಯೇ ನಡೆಯಿತು. 1915ರಿಂದ ಕಟ್ಟಡವು ಕಲಾಶಾಲೆಯಾಗಿದ್ದು, ಈಗ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

## ರಾಜ್ಯವನ್ನು ಮರಳಿ ಪಡೆಯುವ ಪ್ರಯತ್ನ

ಆಡಳಿತವನ್ನು ಮರಳಿ ಪಡೆಯಲು ಅರಸರು ಹಲವು ಗವರ್ನರ್ ಜನರಲ್‌ಗಳಿಗೆ ಮನವಿಗಳನ್ನು ಸಲ್ಲಿಸಿದರು. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ದತ್ತುಪುತ್ರರ ಹಕ್ಕನ್ನು ತಳ್ಳಿಹಾಕಿ ಅನೇಕ ಸಂಸ್ಥಾನಗಳನ್ನು ಕಂಪನಿಯು ತನ್ನೊಳಗೆ ಸೇರಿಸಿಕೊಂಡುದರಿಂದ ಮೈಸೂರಿಗೂ ಅದೇ ಗತಿ ಬರುವ ಭಯವಿತ್ತು. ಅರಸರ ಮರಣಾನಂತರ ರಾಜ್ಯವು ಬ್ರಿಟಿಷರಿಗೆ ಸೇರುವುದೆಂಬ ಅಭಿಪ್ರಾಯ ಅಧಿಕಾರಿವರ್ಗದಲ್ಲಿ ಬಲವಾಗಿತ್ತು. 1857ರ ದಂಗೆಯಲ್ಲಿ ಅರಸರು ಬ್ರಿಟಿಷರ ಪರವಾಗಿ ನಿಂತರೂ 1862ರಲ್ಲಿ ಲಾರ್ಡ್ ಕ್ಯಾನಿಂಗ್ ಇವರ ಕೋರಿಕೆಯನ್ನು ನಿರಾಕರಿಸಿದನು.

1865ರ ಜೂನ್‌ನಲ್ಲಿ ಅರಸರು ಬೆಟ್ಟದಕೋಟೆಯ ಅರಸು ಮನೆತನದ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರವು ಈ ದತ್ತಕವನ್ನು ರಾಜ್ಯದ ಉತ್ತರಾಧಿಕಾರಕ್ಕೆ ಮಾನ್ಯ ಮಾಡಲಿಲ್ಲ. ವಿಷಯವು ಇಂಗ್ಲೆಂಡಿನಲ್ಲಿ ಚರ್ಚೆಗೆ ಬಂದಿತು. ತತ್ತ್ವಜ್ಞಾನಿಯೂ ಸಂಸತ್ ಸದಸ್ಯನೂ ಆಗಿದ್ದ ಜಾನ್ ಸ್ಟುವರ್ಟ್ ಮಿಲ್ ಮೈಸೂರಿನ ಪರವಾದ ಮನವಿಯನ್ನು ಸಂಸತ್ತಿನಲ್ಲಿ ಮಂಡಿಸಿದನು. ಕೊನೆಗೆ 1867ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರವು ದತ್ತುಪುತ್ರನ ಮೂಲಕ ಒಡೆಯರ ವಂಶವನ್ನು ಮುಂದುವರಿಸಲು ಒಪ್ಪಿತು.

## ನಿಧನ

ತೀರ್ಪು ಬಂದು ಒಂದು ವರ್ಷ ತುಂಬುವ ಮೊದಲೇ, 1868ರ ಮಾರ್ಚ್ 27ರಂದು, ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ನಿಧನರಾದರು. ಆಗ ಅವರಿಗೆ 73 ವರ್ಷ. ಅದೇ ವರ್ಷ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟಾಭಿಷೇಕವಾಯಿತು. 1881ರ ಮಾರ್ಚ್ 25ರಂದು ಆಡಳಿತವು ಅವರಿಗೆ ಮರಳಿತು. ಮುಮ್ಮಡಿಯವರು ಐವತ್ತು ವರ್ಷಗಳ ಹಿಂದೆ ಕಳೆದುಕೊಂಡುದು ಹೀಗೆ ಅವರ ದತ್ತುಪುತ್ರನಿಗೆ ದಕ್ಕಿತು.

## ಪರಂಪರೆ

ಇತಿಹಾಸಕಾರರು ಬಹುಕಾಲ ಈ ಅರಸರನ್ನು ಆಡಳಿತದಲ್ಲಿ ವಿಫಲರಾದವರೆಂದೂ ಕಲಾಪೋಷಕರೆಂದೂ ಎರಡು ಬಗೆಯಲ್ಲಿ ಚಿತ್ರಿಸಿದ್ದಾರೆ. ಇವರ ಆಟಗಳ ಕಡೆಗೆ ವಿದ್ವಾಂಸರ ಗಮನ ಹರಿದುದು ಇಪ್ಪತ್ತನೆಯ ಶತಮಾನದಲ್ಲಿ. ಭಾರತೀಯ ಗಂಜೀಫಾ ಕುರಿತು ಸಂಶೋಧನೆ ನಡೆಸಿದ ರುಡಾಲ್ಫ್ ಫಾನ್ ಲೈಡನ್ ಮೈಸೂರು ಛದಗಳನ್ನು ವಿವರವಾಗಿ ಪರಿಶೀಲಿಸಿದರು. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸರಾದ ಇರ್ವಿಂಗ್ ಫಿಂಕೆಲ್ ಇವರ ಹಾಸಿನ ಆಟಗಳನ್ನು ಅಧ್ಯಯನ ಮಾಡಿದ್ದಾರೆ. ಎನ್. ಇ. ಸ್ಯೋಮನ್ 1996ರಲ್ಲಿ ಪ್ರಕಟಿಸಿದ ಮೈಸೂರು ಅರಮನೆಯ ಯೋಗಪರಂಪರೆಯ ಕುರಿತ ಗ್ರಂಥದಿಂದ ಕೌತುಕನಿಧಿಯ ಆಸನಗಳ ಭಾಗವು ಜಗತ್ತಿನ ಗಮನಕ್ಕೆ ಬಂದಿತು.

ಮೈಸೂರಿನಲ್ಲಿ ಗಂಜೀಫಾ ಎಲೆಗಳ ಚಿತ್ರಕಲೆಯನ್ನು ಪುನರುಜ್ಜೀವಗೊಳಿಸಿದವರಲ್ಲಿ ಗಂಜೀಫಾ ರಘುಪತಿ ಭಟ್ಟರು ಪ್ರಮುಖರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಆದರೆ ಇಂದು ತಯಾರಾಗುವ ಎಲೆಗಳು ಹೆಚ್ಚಾಗಿ ಸಂಗ್ರಹಕ್ಕೂ ಪ್ರದರ್ಶನಕ್ಕೂ ಕೊಳ್ಳುವವು, ಆಡುವವರು ವಿರಳ. ನಗರದ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಪಗಡೆ, ಅಳಗುಳಿಮಣೆ, ಚೌಕಾಬಾರ, ಆಡುಹುಲಿ ಮೊದಲಾದ ಆಟಗಳ ಹಾಸು ಮತ್ತು ಮಣೆಗಳನ್ನು ಮತ್ತೆ ಬಳಕೆಗೆ ತರುವ ಕೆಲಸ ಮಾಡುತ್ತಿದೆ. ಅಂಗೈಯಗಲದ ಪರದೆಯ ಮೇಲೆ ಆಡುವ ಈ ಕಾಲದಲ್ಲಿಯೂ ಸರಳ ನಿಯಮಗಳ ಹಾಸಿನ ಆಟಗಳು ಮನೆಗಳಲ್ಲಿ ಉಳಿದಿವೆ. ಮುಮ್ಮಡಿಯವರ ಛದಗಳು ಗ್ರಂಥಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಉಳಿದಿವೆ.